ನಾಲ್ಕನೆಯ ಮೊಳೆ

ಅವರನ್ನು ನಾನು ಮೊದಲ ಸಲ ನೋಡಿದ್ದು ಮೇಜಿನ ಕೆಳಗೆ. ನೇಮಕಾತಿ ಆದೇಶವನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡು, ಹೊಸ ಷರಟು ತೊಟ್ಟು, ಸೋಮನಹಳ್ಳಿಯಲ್ಲಿ ಬಸ್ಸು ಹತ್ತಿ ಮಂಡ್ಯದ ಕಚೇರಿಗೆ ಬಂದಿದ್ದೆ. ಯಾರನ್ನು ನೋಡಬೇಕು ಎಂದು ಬಾಗಿಲಲ್ಲಿದ್ದ ಜವಾನರನ್ನು ಕೇಳಿದೆ. ಅವರು ಗದ್ದ ಎತ್ತಿ ಮೂಲೆಯ ಮೇಜನ್ನು ತೋರಿಸಿದರು. ಅಲ್ಲಿ ಕುರ್ಚಿ ಖಾಲಿ. ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ, ಮೇಜಿನಡಿಯಿಂದ ಹೊರಗೆ ಚಾಚಿದ ಎರಡು ಅಂಗಾಲು. ಬೇರೆ ದಾರಿ ಕಾಣದೆ ಅಂಗಾಲಿಗೇ ನಮಸ್ಕಾರ ಹೇಳಿದೆ.

‘ನಿಂತ್ಕಂಡು ಏನ್ಲಾ ನೋಡ್ತೀಯಾ? ಆ ನೀಲಿ ವಯರು ಇಡ್ಕೋ’ ಎಂದಿತು ಮೇಜು.

ಹತ್ತು ನಿಮಿಷ ನೀಲಿ ವಯರು ಹಿಡಿದುಕೊಂಡು ನಿಂತಿದ್ದೆ. ಆಮೇಲೆ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿಕೊಂಡಿದ್ದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಹಿಂದಕ್ಕೆ ತೆವಳುತ್ತ ಹೊರಬಂದರು. ತಲೆಯ ಮೇಲೆ ಜೇಡರ ಬಲೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಾವೂರು?’ ಎಂದರು.

‘ಸೋಮನಹಳ್ಳಿ, ಮೇಡಂ.’

‘ಮೇಡಂ ಗೀಡಂ ಬ್ಯಾಡ. ಎಲ್ರೂ ಅಕ್ಕ ಅಂತಾರೆ, ನೀನೂ ಅನ್ನು. ವಡೆ ತಂದಿದ್ದೀಯಾ?’

‘ಇಲ್ಲ.’

‘ಮದ್ದೂರು ತಾಲ್ಲೂಕಿಂದ ಬರಿಗೈಲಿ ಬಂದ ಮೊದಲ್ನೇ ಗಿರಾಕಿ ಕಣಪ್ಪಾ ನೀನು.’

ಅಂದಿನಿಂದ ಕಚೇರಿಯಲ್ಲಿ ನನ್ನ ಹೆಸರು ಸೋಮನಳ್ಳಿ. ಅಕ್ಕ ಯಾರನ್ನೂ ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದವರಲ್ಲ, ಊರ ಹೆಸರೇ ಸಾಕಿತ್ತು. ನನ್ನ ಪಕ್ಕದ ಮೇಜಿನ ಹಲಗೂರಿನವನು ಅವರ ಬಾಯಲ್ಲಿ ‘ಅಲಗೂರು’. ಅವರು ಕಳೆದ ತಿಂಗಳ ಕೊನೆಗೆ ನಿವೃತ್ತರಾದರು. ನಿಮ್ಮ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ ಎಂದಾಗ, ‘ಬರ್ಕೋ. ನನ್ ಎಸ್ರು ಆಕುದ್ರೆ ಮಾತ್ರ ನಿನ್ ಕಂಪ್ಯೂಟ್ರು ವಯರು ಕಿತ್ತಾಕ್ತೀನಿ’ ಎಂದರು. ಕೀಳುವವರೇ. ಆದ್ದರಿಂದ ಹೆಸರಿಲ್ಲ.

ನಮ್ಮದು ಅಂಥ ಘನಂದಾರಿ ಕಚೇರಿಯಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳ ಹಳೆಯ ಹಳ್ಳಿ ಶಾಲೆಗಳ ದಾಖಲಾತಿ ಪುಸ್ತಕಗಳು ನಮ್ಮಲ್ಲಿಗೆ ಬರುತ್ತಿದ್ದವು. ಯಾವ ಮಗು ಯಾವಾಗ ಒಂದನೇ ತರಗತಿಗೆ ಸೇರಿತು, ಹುಟ್ಟಿದ ದಿನ ಯಾವುದು, ತಂದೆ ಯಾರು, ಏನು ಕೆಲಸ, ಇಷ್ಟೇ ಅದರಲ್ಲಿರುವುದು. ಆದರೆ ಅರವತ್ತು ವರ್ಷ ದಾಟಿದ ಎಷ್ಟೋ ಜನಕ್ಕೆ ತಾವು ಹುಟ್ಟಿದ್ದಕ್ಕೆ ಇರುವ ಸಾಕ್ಷಿ ಅದೊಂದೇ ಸಾಲು. ಅರ್ಧ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಉಳಿದವು ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ನಾವು ಅವುಗಳನ್ನು ಹುಷಾರಾಗಿ ಬಿಚ್ಚಿ, ಸ್ಕ್ಯಾನ್ ಮಾಡಿ, ಸಾಲುಸಾಲಾಗಿ ಟೈಪು ಮಾಡಿ, ಪುಸ್ತಕವನ್ನು ಶಾಲೆಗೆ ವಾಪಸು ಕಳಿಸುತ್ತಿದ್ದೆವು.

ಟೈಪು ಮಾಡಿದ್ದೆಲ್ಲ ಹೋಗಿ ಸೇರುತ್ತಿದ್ದುದು ಅಕ್ಕನ ಮಗ್ಗುಲಲ್ಲಿದ್ದ ದೊಡ್ಡ ಕಂಪ್ಯೂಟರಿಗೆ. ಅದರಿಂದ ನೀಲಿ ವಯರುಗಳು ನಮ್ಮೆಲ್ಲರ ಮೇಜಿಗೂ ಬಂದಿದ್ದವು. ಅದರೊಳಗೆ ಮೂರು ತಾಲ್ಲೂಕಿಗೆ ಮೂರು ಫೋಲ್ಡರು. ನಮ್ಮ ನಮ್ಮ ಕಂಪ್ಯೂಟರಿನಿಂದಲೇ ಆ ಫೋಲ್ಡರು ತೆರೆದು ಕೆಲಸ ಮಾಡಬಹುದಿತ್ತು. ಮೊದಲ ದಿನ ಅಕ್ಕ ನನಗೆ ಅದನ್ನು ವಿವರಿಸಿದ್ದು ಹೀಗೆ:

‘ಊರ ಬಾವಿ ಇದ್ದಂಗೆ ಕಣಪ್ಪಾ. ನಿನ್ ಕೊಡ ನಿಂದು, ಬಾವಿ ಎಲ್ರುದು. ನಿನ್ ಕಂಪ್ಯೂಟ್ರುನಾಗೆ ಕಾಣುಸ್ತದೆ ಅಂತ ಅದು ನಿಮ್ಮನೇದಾಗಲ್ಲ.’ ಹಿಂದೆಯೇ, ‘ಬಾವಿ ಎಲ್ರುದು ಅನ್ನುಸ್ಕೊಳಕ್ಕೆ ನಮ್ ತಾತ ಎಷ್ಟು ಜಗಳ ಆಡುದ್ನೋ, ಅದು ಬ್ಯಾರೆ ಕತೆ ಬುಡು’ ಎಂದರು. ಅವರ ಮೇಜಿನ ಗಾಜಿನಡಿಯಲ್ಲಿ ಬುದ್ಧನ ಚಿಕ್ಕ ಪಟವೊಂದಿತ್ತು. ಆ ಬೇರೆ ಕತೆಯನ್ನು ಅವರು ನನಗೆ ಯಾವತ್ತೂ ಹೇಳಲಿಲ್ಲ, ನಾನೂ ಕೇಳುವ ಧೈರ್ಯ ಮಾಡಲಿಲ್ಲ.

ಕಂಪ್ಯೂಟರು ಅವರು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಮಳವಳ್ಳಿಯಲ್ಲಿ ಟೈಪಿಂಗ್ ಕಲಿತು ಬೆರಳಚ್ಚುಗಾರ್ತಿಯಾಗಿ ಸೇರಿದವರು. ಕಚೇರಿಗೆ ಕಂಪ್ಯೂಟರು ಬಂದಾಗ ಮೇಜಿನ ಕೆಳಗೆ ತೂರಿ ವಯರು ಎಳೆಯಲು ಗಂಡಸರೆಲ್ಲ ಪ್ಯಾಂಟಿನ ಇಸ್ತ್ರಿ ನೋಡಿಕೊಂಡರಂತೆ. ಇವರು ಸೆರಗು ಸಿಕ್ಕಿಸಿ ತೂರಿದರು. ‘ಕೆಳಗೆ ತೂರ್ದೋಳಿಗೆ ವಯರು ಎಲ್ಲಿಂದ ಎಲ್ಲಿಗೆ ಓಯ್ತದೆ ಅಂತ ಗೊತ್ತಾಯ್ತು. ಮ್ಯಾಲೆ ಕುಂತಿದ್ದೋರಿಗೆ ಇವತ್ತಿಗೂ ಗೊತ್ತಿಲ್ಲ’ ಎನ್ನುತ್ತಿದ್ದರು. ಕೊನೆಯವರೆಗೂ ಕೀಲಿಗಳನ್ನು ಟೈಪ್‌ರೈಟರಿಗೆ ಹೊಡೆದ ಹಾಗೆ ಹೊಡೆಯುತ್ತಿದ್ದರು, ಪಕ್ಕದ ಕೋಣೆಗೆ ಕೇಳಿಸುತ್ತಿತ್ತು. ಸಾಲು ಮುಗಿದಾಗ ಎಡಗೈ ತನ್ನಷ್ಟಕ್ಕೆ ಮೇಲೆದ್ದು, ಅಲ್ಲಿಲ್ಲದ ಹಿಡಿಯನ್ನು ತಳ್ಳಿ ಬರುತ್ತಿತ್ತು. ಬಳೆಗೆ ಸಿಕ್ಕಿಸಿದ ಎರಡು ಪಿನ್ನು ಯಾವಾಗಲೂ ಇರುತ್ತಿದ್ದವು. ಒಂದು ಸೀರೆಗೆ. ಇನ್ನೊಂದು, ಗೋಡೆಯ ಮೇಲಿನ ಇಂಟರ್ನೆಟ್ ಡಬ್ಬಿ ಮುಷ್ಕರ ಹೂಡಿದಾಗ ಅದರ ಸಣ್ಣ ತೂತಿಗೆ ಚುಚ್ಚಿ ಎಬ್ಬಿಸಲು. ಆಯುಧಪೂಜೆಯ ದಿನ ನಾವು ಕಂಪ್ಯೂಟರುಗಳಿಗೆ ಕುಂಕುಮ ಬಳಿಯುತ್ತಿದ್ದರೆ ದೂರ ನಿಂತು, ‘ಪೂಜೆ ಮಾಡ್ಕಳ್ರಪ್ಪಾ, ಬ್ಯಾಡ ಅನ್ನಲ್ಲ. ಪೆನ್‌ಡ್ರೈವ್ ತೂತಿಗೆ ಮಾತ್ರ ತುಂಬಬ್ಯಾಡಿ. ನಾಳೆ ಚುಚ್ಚಿ ತಗೆಯೋಳು ನಾನು’ ಎಂದು ಕೂಗುತ್ತಿದ್ದರು.

ಇನ್ನು ಮೊಳೆಗಳ ವಿಷಯ. ದೊಡ್ಡ ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ ನಾಲ್ಕು ಮೊಳೆ. ಮೂರರ ಕೆಳಗೆ ತಾಲ್ಲೂಕುಗಳ ಹೆಸರು ಬರೆದ ಚೀಟಿ. ನಾಲ್ಕನೆಯದು ಹಿಂದೆ ಯಾವುದೋ ಕ್ಯಾಲೆಂಡರಿಗೆ ಹೊಡೆದದ್ದು, ಖಾಲಿ. ನಮಗೆಲ್ಲ ಅಕ್ಕ ರಟ್ಟಿನ ಒಂದೊಂದು ಬೋರ್ಡು ಕತ್ತರಿಸಿ, ಸೆಣಬಿನ ದಾರ ಪೋಣಿಸಿ ಕೊಟ್ಟಿದ್ದರು. ನನ್ನದರ ಮೇಲೆ ‘ಸೋಮನಹಳ್ಳಿ ಒಳಗಿದ್ದಾನೆ’ ಎಂದಿತ್ತು. ಮಳವಳ್ಳಿಯ ಫೋಲ್ಡರು ಬೇಕಾದವನು ಎದ್ದು ಹೋಗಿ ಮಳವಳ್ಳಿಯ ಮೊಳೆಗೆ ತನ್ನ ಬೋರ್ಡು ನೇತುಹಾಕಬೇಕು. ಆಮೇಲೆ ಅಕ್ಕ ಅವನ ಕಂಪ್ಯೂಟರನ್ನು ಆ ಫೋಲ್ಡರಿಗೆ ಸೇರಿಸುತ್ತಾರೆ. ಕೆಲಸ ಮುಗಿದ ಮೇಲೆ ಅವನೇ ಬಂದು ಬೋರ್ಡು ತೆಗೆಯಬೇಕು, ಅಕ್ಕ ಬಿಡಿಸುತ್ತಾರೆ. ಒಂದು ಫೋಲ್ಡರಿಗೆ ಒಂದು ಹೊತ್ತಿಗೆ ಒಬ್ಬನೇ. ಒಬ್ಬನ ಬೋರ್ಡನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ, ಅಕ್ಕನೂ ಮುಟ್ಟುವುದಿಲ್ಲ.

ನಮಗೆ ಇದೊಂದು ತಮಾಷೆ. ಮಳವಳ್ಳಿ ಬಸ್ಸಿಗೆ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತೇವಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ‘ಟವೆಲ್ ಆಕ್ದಾ?’ ‘ಆಕ್ದೆ ಕಣ್ಲಾ’ ಎಂದು ನಾವು ನಾವೇ ಕಿಸಿಯುತ್ತಿದ್ದೆವು. ಅಕ್ಕನಿಗೆ ಕೇಳಿಸಿದರೆ, ‘ಟವೆಲ್ಲು ಸೀಟಿಗೆ. ಇದು ಪ್ರಾಣಕ್ಕೆ’ ಎನ್ನುತ್ತಿದ್ದರು. ಅದಕ್ಕೆ ಇನ್ನಷ್ಟು ನಗುತ್ತಿದ್ದೆವು.

ಅಕ್ಕ ಹುಟ್ಟಿ ಬೆಳೆದದ್ದು ಮಳವಳ್ಳಿ ತಾಲ್ಲೂಕಿನ ಬ್ಲಫ್ ಎಂಬ ಕರೆಂಟು ತಯಾರಿಸುವ ಊರಿನಲ್ಲಿ, ಅವರ ತಂದೆ ಅಲ್ಲಿ ಕರೆಂಟಿನ ಕೆಲಸದಲ್ಲಿ ಹೆಲ್ಪರ್ ಆಗಿದ್ದರು. ಲೈನಿನ ಮೇಲೆ ಯಾರಾದರೂ ಹತ್ತಿ ರಿಪೇರಿ ಮಾಡುವಾಗ ಕೆಳಗೆ ಸ್ವಿಚ್ಚಿಗೆ ಒಂದು ಬೋರ್ಡು ನೇತುಹಾಕುತ್ತಾರೆ. ಹತ್ತಿದವನು ಇಳಿದು ಬಂದು ತನ್ನ ಕೈಯಾರೆ ಅದನ್ನು ತೆಗೆಯುವವರೆಗೆ ದೇವರೇ ಬಂದರೂ ಕರೆಂಟು ಬಿಡುವಂತಿಲ್ಲ. ಆ ಸ್ವಿಚ್ಚು ಕಾಯುವುದು ಅಪ್ಪನ ಪಾಳಿಗೆ ಬರುತ್ತಿತ್ತು. ಬೋರ್ಡಿನ ಪಾಠ ಅಕ್ಕನಿಗೆ ಅಲ್ಲಿಂದ ಬಂದದ್ದು. ಊಟದ ಹೊತ್ತಿನಲ್ಲಿ ಮುದ್ದೆ ಮುರಿಯುತ್ತ ಅವರು ಒಂದು ಕತೆಯನ್ನು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು.

ಯಾವುದೋ ಹಳ್ಳಿಯಲ್ಲಿ ಮದುವೆ. ಚಪ್ಪರದ ದಿನ ಸಂಜೆ ಲೈನು ಕೆಟ್ಟು, ಒಬ್ಬ ಲೈನ್‌ಮನ್ ಬೋರ್ಡು ಹಾಕಿ ಕಂಬ ಹತ್ತಲು ಹೋಗಿದ್ದಾನೆ. ಎಷ್ಟು ಹೊತ್ತಾದರೂ ವಾಪಸು ಬಂದಿಲ್ಲ. ಹೆಣ್ಣಿನ ಸೋದರಮಾವ ಬುಲೆಟ್ ಗಾಡಿಯಲ್ಲಿ ಬಂದು ಎಗರಾಡಿದನಂತೆ. ಲೈನ್‌ಮನ್ ಇಳಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ, ಕರೆಂಟು ಬಿಡು ಅಂತ. ಅಪ್ಪ ಸ್ವಿಚ್ಚಿನ ಮುಂದೆ ಸ್ಟೂಲು ಹಾಕಿಕೊಂಡು ಕೂತವರು ಏಳಲಿಲ್ಲ.

‘ಆಮೇಲೆ ನೋಡುದ್ರೆ ಆ ಲೈನ್‌ಮನ್ನು ಕಂಬ ಇಳ್ದೋನು ಸೀದಾ ಮದ್ವೆ ಮನೆ ಮೊದಲ್ನೇ ಪಂಕ್ತೀಲಿ ಕುಂತವ್ನೆ. ಪಾಯಸ ಬಂದುರ್ಲಿಲ್ವಂತೆ, ಅದ್ಕೆ ಕಾಯ್ತಾವ್ನೆ. ಅವ್ನು ಉಂಡು, ಕೈ ತೊಳ್ಕಂಡು, ಬಂದು ತಗುದ್ಮೇಲೇ ಕರೆಂಟು.’

‘ಅಲ್ಲಿವರೆಗೂ ಮದುವೆ ಮನೆ ಕತ್ತಲಲ್ಲೇ ಇತ್ತಾ ಅಕ್ಕ?’

‘ಇತ್ತು. ಏನಾಯ್ತೀಗ? ಗಂಡು ಓಡೋದ್ನಾ, ಹೆಣ್ಣು ಓಡೋದ್ಲಾ? ನಮ್ಮಪ್ಪ ಕಾಯ್ತಿದ್ದ ಸ್ವಿಚ್ಚಿಂದ ಒಬ್ಬನ್ ಕೂದ್ಲೂ ಸುಟ್ಟಿಲ್ಲ ಕಣ್ಲಾ. ಅಷ್ಟು ಸಾಕು.’

ಈಗ ನನ್ನ ಘನಕಾರ್ಯ. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು, ಪ್ರೊಬೇಷನ್ ಮುಗಿದಿರಲಿಲ್ಲ. ಹಲಗೂರಿನವನು ಮಳವಳ್ಳಿಯ ಮೊಳೆಗೆ ಬೋರ್ಡು ಹಾಕಿದವನು ತೆಗೆಯದೆ, ತನ್ನ ತಂಗಿಯ ಮಗುವಿನ ನಾಮಕರಣಕ್ಕೆಂದು ಒಂದು ವಾರ ರಜೆ ಹೋಗಿಬಿಟ್ಟ. ನನಗೆ ಮಳವಳ್ಳಿಯಲ್ಲಿ ಹತ್ತಿಪ್ಪತ್ತು ಪುಟ ತಿದ್ದುವುದಿತ್ತು.

‘ಅವನ ಬೋರ್ಡು ನೀವೇ ತೆಗೀರಿ ಅಕ್ಕ.’

‘ನೇತಾಕಿರೋನು ಬರ್ಲಿ.’

‘ಅವನು ಸೋಮವಾರ ಬರೋದು.’

‘ಅಂಗಾರೆ ಸ್ವಾಮಾರ ಮಾಡು.’

ನನಗೆ ರೇಗಿತು. ರಟ್ಟಿನ ಚೂರಿಗೆ ಹೆದರಿಕೊಂಡು ಕೂರುವುದೇ? ಹಲಗೂರಿನವನಿಗೆ ಫೋನು ಮಾಡಿದೆ. ನಾಮಕರಣದ ಗದ್ದಲದಲ್ಲಿ ಅವನು ಆ ಫೋಲ್ಡರಿನ ಪಾಸ್‌ವರ್ಡನ್ನು ಕೂಗಿಯೇ ಹೇಳಿದ, ಅವನ ನೆಂಟರಿಗೆಲ್ಲ ಅದು ಗೊತ್ತಾಗಿರಬೇಕು. ಅಕ್ಕ ಊಟಕ್ಕೆ ಎದ್ದಾಗ ಮೊಬೈಲಿನಲ್ಲಿ ಒಂದು ವಿಡಿಯೊ ಹಾಕಿಕೊಂಡು, ಅದರಲ್ಲಿ ಹೇಳಿದಂತೆ ಒತ್ತುತ್ತ ಹೋದೆ. ಐದೇ ನಿಮಿಷ. ನನ್ನ ಕಂಪ್ಯೂಟರಿನಲ್ಲಿ ಸಿ ಡ್ರೈವು, ಡಿ ಡ್ರೈವುಗಳ ಸಾಲಿನ ಕೊನೆಗೆ ಜ಼ೆಡ್ ಅಂತ ಹೊಸದೊಂದು ಬಂದು ಕುಳಿತಿತು. ಅದರೊಳಗೆ ಮಳವಳ್ಳಿ. ಇನ್ನು ಪ್ರತಿದಿನ ತಾನಾಗಿಯೇ ಸೇರಿಕೊಳ್ಳಲಿ ಎಂದು ಒಂದು ಟಿಕ್ಕು ಹಾಕಿದೆ. ಬೋರ್ಡು ಬೇಡ, ಮೊಳೆ ಬೇಡ, ಅಕ್ಕ ಬೇಡ. ಆ ಮಧ್ಯಾಹ್ನ ನನ್ನಂಥ ಜಾಣ ಇಡೀ ಜಿಲ್ಲೆಯಲ್ಲಿ ಇರಲಿಲ್ಲ.

ಗುರುವಾರದ ಹೊತ್ತಿಗೆ ನನ್ನ ಕಂಪ್ಯೂಟರು ಆಮೆಯಾಯಿತು. ಡಿ ಡ್ರೈವು ತುಂಬಿ ಕೆಂಪು ಪಟ್ಟಿ ತೋರಿಸುತ್ತಿತ್ತು. ಅದರಲ್ಲಿ ಎರಡು ತಿಂಗಳ ಹಿಂದೆ ನಾನೇ ಮಾಡಿಟ್ಟುಕೊಂಡಿದ್ದ ಮಳವಳ್ಳಿಯ ಅರೆಬರೆ ಕಾಪಿಯೊಂದಿತ್ತು. ಅದನ್ನು ಅಳಿಸಿದರಾಯಿತು ಎಂದುಕೊಂಡೆ. ತೆರೆಯ ಮೇಲೆ ಎರಡು ಕಿಟಕಿ ತೆರೆದಿದ್ದವು. ಎರಡರಲ್ಲೂ ಹಳದಿ ಫೋಲ್ಡರು, ಎರಡರ ಹೆಸರೂ ಮಳವಳ್ಳಿ, ಎರಡೂ ನನ್ನ ಕಂಪ್ಯೂಟರಿನಲ್ಲೇ ಕಾಣುತ್ತಿವೆ. ಒಂದನ್ನು ಆರಿಸಿ ಅಳಿಸು ಎಂದೆ. ಕಂಪ್ಯೂಟರು ಏನೋ ಕೇಳಿತು. ಹೌದು ಎಂದೆ. ಹಸಿರು ಪಟ್ಟಿ ಓಡತೊಡಗಿತು. ಟೀ ಕುಡಿದು ಬಂದೆ.

ಬಂದು ನೋಡಿದರೆ ಡಿ ಡ್ರೈವಿನ ಕೆಂಪು ಪಟ್ಟಿ ಹಾಗೇ ಇದೆ. ಜ಼ೆಡ್ ತೆರೆದೆ. ಖಾಲಿ. ಕಸದ ಬುಟ್ಟಿ ತೆರೆದೆ. ಅದೂ ಖಾಲಿ. ವಯರಿನ ಆಚೆಯದನ್ನು ಅಳಿಸಿದರೆ ಅದು ಈಚೆಯ ಬುಟ್ಟಿಗೆ ಬೀಳುವುದಿಲ್ಲ ಎಂದು ವಿಡಿಯೊದವನು ಹೇಳಿರಲಿಲ್ಲ. ಎಂಟು ತಿಂಗಳು ನಾಲ್ಕು ಜನ ಕೂತು ಮಾಡಿದ ಇಡೀ ತಾಲ್ಲೂಕು. ಪುಸ್ತಕಗಳು ಶಾಲೆಗಳಿಗೆ ಹೋಗಿಯಾಗಿತ್ತು, ಇನ್ನೊಮ್ಮೆ ಬಿಚ್ಚಿದರೆ ಅರ್ಧ ಪುಡಿಯಾಗುವಂಥವು. ಕಾಪಿ ಇಡಲು ಇನ್ನೊಂದು ಡಿಸ್ಕು ಕೊಡಿ ಎಂದು ಅಕ್ಕ ಮೂರು ಸಲ ಬರೆದ ಕಾಗದ ಸಾಹೇಬರ ಮೇಜಿನ ಮೇಲೆ ಮಲಗಿತ್ತು. ನನ್ನ ಕೆಲಸ ಹೋಯಿತು ಎಂದುಕೊಂಡೆ.

‘ಅಕ್ಕ, ಮಳವಳ್ಳಿ ಇಲ್ಲ.’

‘ಎಲ್ಲೋಯ್ತು? ಬೆಂಗ್ಳೂರು ಬಸ್ ಅತ್ತುಬುಡ್ತಾ?’ ಎಂದು ತಲೆ ಎತ್ತಿದವರು ನನ್ನ ಮುಖ ನೋಡಿದರು. ಎದ್ದು ಹೋಗಿ ದೊಡ್ಡ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತುಬಿಟ್ಟರು. ಅದರ ಫ್ಯಾನಿನ ಗುಂಯ್ ಸದ್ದು ನಿಂತಿತು. ಡ್ರಾಯರಿನಿಂದ ಒಂದು ಹೊಸ ರಟ್ಟು ತೆಗೆದು, ದಪ್ಪ ಅಕ್ಷರದಲ್ಲಿ ‘ಒಳಗೆ ಜನ ಇದ್ದಾರೆ’ ಎಂದು ಬರೆದು, ದಾರ ಕಟ್ಟಿ ಸ್ವಿಚ್ಚಿಗೆ ನೇತುಹಾಕಿದರು. ಅವರು ತಮಗಾಗಿ ಬೋರ್ಡು ಬರೆದದ್ದನ್ನು ಅವತ್ತೇ ನಾನು ಮೊದಲು ನೋಡಿದ್ದು.

ಆಮೇಲೆ ನನ್ನನ್ನು ಕೂರಿಸಿ ನೀರು ಕೊಟ್ಟು ಎಲ್ಲ ಕೇಳಿಕೊಂಡರು.

‘ಅಳಿಸೋಕ್ ಮುಂಚೆ ಕಂಪ್ಯೂಟ್ರು ಏನೋ ಕೇಳಿರ್ಬೇಕಲ್ಲ?’

‘ಕೇಳ್ತು.’

‘ಓದ್ದಾ?’

‘ಇಲ್ಲ.’

‘ಔದು ಅಂದ್ಯಾ?’

‘ಅಂದೆ.’

‘ಮದ್ವೆ ಆಗೋವಾಗ್ಲಾದ್ರೂ ಪ್ರಶ್ನೆ ಓದ್ಲಾ’ ಎಂದರು. ನಾನು ಲೋಟದ ನೀರು ಕುಡಿದು ಮುಗಿಸಿದೆ. ‘ಎದುರ್ಕಬ್ಯಾಡ. ಅಳಿಸಿದ್ದು ಅಳಿಸೋಗ್ಬುಡಲ್ಲ. ಈ ಸೀಟು ಖಾಲಿ ಅಂತ ಕಂಪ್ಯೂಟ್ರು ಬರ್ಕಂಡಿರ್ತದೆ ಅಷ್ಟೇಯ. ಕುಂತಿರೋನು ಇನ್ನೂ ಅಲ್ಲೇ ಕುಂತಿರ್ತಾನೆ. ಅವನ್ ಮ್ಯಾಲೆ ಬ್ಯಾರೆಯೋನು ಬಂದು ಕುಂತುಬುಟ್ರೆ ಮಾತ್ರ ಕೆಟ್ಟಂಗೆ. ಆದ್ರಿಂದ ಯಾರೂ ಅತ್ತಬಾರ್ದು. ಬಸ್ಸೇ ನಿಲ್ಲುಸ್ಬುಟ್ಟಿವ್ನಿ.’

ಬಸ್ಸು ನಿಂತ ಸುದ್ದಿ ಸಾಹೇಬರಿಗೆ ಮುಟ್ಟಲು ಅರ್ಧ ಗಂಟೆ ಹಿಡಿಯಿತು. ಆಗಿನ ಸಾಹೇಬರು ಕೆಟ್ಟವರಲ್ಲ, ಅವಸರದವರು. ಮಂಡ್ಯ, ಮದ್ದೂರಿನ ಫೋಲ್ಡರುಗಳೂ ಅದೇ ಕಂಪ್ಯೂಟರಿನಲ್ಲಿ. ಅಂದೇ ಸಂಜೆ ಮೇಲಿನ ಕಚೇರಿಗೆ ವರದಿ ಹೋಗಬೇಕಿತ್ತು.

‘ಆನ್ ಮಾಡಿಸ್ರಿ’ ಎಂದರು.

‘ಬೋರ್ಡ್ ಬಿದ್ದದೆ ಸಾರ್.’

‘ಯಾರು ಹಾಕಿದ್ದು?’

‘ನಾನೇ ಸಾರ್.’

‘ಹಾಗಾದ್ರೆ ನೀವೇ ತೆಗೀರಿ.’

‘ಈಗ ತಗೆಯಕ್ಕಾಗಲ್ಲ. ತಂತಿ ಮ್ಯಾಲೆ ಒಬ್ಬ ಅವ್ನೆ.’

‘ಯಾವ ತಂತಿ? ಯಾರು?’

ನಾನು ಅಕ್ಕನ ಬೆನ್ನ ಹಿಂದೆ ಎರಡು ಗೇಣು ದೂರದಲ್ಲಿ ನಿಂತಿದ್ದೆ. ಅಕ್ಕ ತಿರುಗಿ ಕೂಡ ನೋಡಲಿಲ್ಲ.

‘ಯಾರು ಅಂತ ಇಳುದ್ಮೇಲೆ ಅವ್ನೇ ಯೋಳ್ತಾನೆ ಸಾರ್. ಅಲ್ಲಿವರ್ಗೂ ಕರೆಂಟ್ ಕೊಡಕ್ಕಾಗಲ್ಲ. ಮಳವಳ್ಳಿ ಫೈಲು ಓಗ್ಬುಟ್ಟದೆ. ನಾನು ತರ್ತೀನಿ. ಮೂರ್ ದಿನ ಕೊಡಿ.’

ನಾನು ಆಗಲೇ ‘ನಾನು ಸಾರ್’ ಎನ್ನಬೇಕಿತ್ತು. ಬಾಯಿ ತೆರೆದೆ ಕೂಡ. ಪ್ರೊಬೇಷನ್ ನೆನಪಾಯಿತು, ಮುಚ್ಚಿದೆ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಪ್ರಯೋಜನವಿಲ್ಲ.

ಮಾರನೆಯ ದಿನ ಅಕ್ಕ ಮಗಳ ಲ್ಯಾಪ್‌ಟಾಪಿಗೆ ತಂದಿದ್ದ ಡಿಸ್ಕೊಂದನ್ನು ಊಟದ ಡಬ್ಬಿಯ ಚೀಲದಲ್ಲೇ ಇಟ್ಟುಕೊಂಡು ಬಂದರು. ದೊಡ್ಡ ಕಂಪ್ಯೂಟರಿನ ಹೊಟ್ಟೆ ಬಿಚ್ಚಿ, ಅದರ ಡಿಸ್ಕು ತೆಗೆದು ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಅಳಿಸಿದ್ದನ್ನು ಹುಡುಕುವ ತಂತ್ರಾಂಶವೊಂದನ್ನು ಓಡಿಸಿ, ಸಿಕ್ಕಿದ್ದೆಲ್ಲ ಮಗಳ ಡಿಸ್ಕಿಗೆ ಬೀಳುವ ಹಾಗೆ ಮಾಡಿದರು. ಅದು ಎತ್ತಿನಗಾಡಿಯ ವೇಗದಲ್ಲಿ ಹೋಗುತ್ತಿತ್ತು. ಸಂಜೆಗೆ ಫೈಲುಗಳು ಒಂದೊಂದೇ ಬರತೊಡಗಿದವು. ಅರ್ಧಕ್ಕೆ ಹೆಸರಿತ್ತು. ಉಳಿದರ್ಧಕ್ಕೆ ಹೆಸರು ಹೋಗಿ ಬರೀ ನಂಬರು. ಅವುಗಳನ್ನು ಒಂದೊಂದಾಗಿ ತೆರೆದು, ಒಳಗಿರುವ ಮಕ್ಕಳ, ತಂದೆಯರ ಹೆಸರು ನೋಡಿ ಇದು ಯಾವ ಊರ ಶಾಲೆ ಎಂದು ಪತ್ತೆಹಚ್ಚಬೇಕು. ಶುಕ್ರವಾರ, ಶನಿವಾರ ಅಕ್ಕ ಮತ್ತು ನಾನು ಅದನ್ನೇ ಮಾಡಿದೆವು. ಅಕ್ಕ ಎರಡು ಸಾಲು ಓದುತ್ತಿದ್ದರು, ‘ಇದು ಒಳೆ ದಂಡೆ ಊರು’ ಎನ್ನುತ್ತಿದ್ದರು, ನೂರಕ್ಕೆ ತೊಂಬತ್ತು ಪಾಲು ಸರಿಯಿರುತ್ತಿತ್ತು.

ಶನಿವಾರ ಮಧ್ಯಾಹ್ನ ಬರೀ ನಂಬರಿನ ಒಂದು ಫೈಲು ತೆರೆದೆ. ಅಕ್ಕ ಪಕ್ಕದಲ್ಲಿ ಕೂತು ಓದುತ್ತಿದ್ದವರು ಹನ್ನೊಂದನೆಯ ಸಾಲಿಗೆ ನಿಂತುಬಿಟ್ಟರು. ನಾನೂ ನೋಡಿದೆ. ಅಕ್ಕನ ಹೆಸರು. ಸೇರಿದ ತರಗತಿ ಒಂದು. ಮುಂದೆ ತಂದೆಯ ಹೆಸರು, ಉದ್ಯೋಗ ಹೆಲ್ಪರ್, ವಾಸ ಬ್ಲಫ್. ಅಕ್ಕ ಸೆರಗಿನ ತುದಿಯಿಂದ ತೆರೆಯ ಮೇಲಿನ ಆ ಸಾಲನ್ನು ಒರೆಸಿದರು. ಧೂಳೇನೂ ಇರಲಿಲ್ಲ.

‘ನಮ್ಮಪ್ಪ ಸಿಕ್ದ ಕಣ್ಲಾ’ ಎಂದರು.

ಎರಡು ದಿನದಿಂದ ತಡೆದುಕೊಂಡಿದ್ದ ಅಳು ನನಗೆ ಆಗ ಬಂತು. ಚೆನ್ನಾಗಿಯೇ ಅತ್ತೆ. ಅಕ್ಕ ಕೀಬೋರ್ಡನ್ನು ನನ್ನ ಮುಂದಿನಿಂದ ಎಳೆದುಕೊಂಡು, ‘ಅಳು, ಬ್ಯಾಡ ಅನ್ನಲ್ಲ. ಕೀಬೋರ್ಡ್ ಮ್ಯಾಲೆ ಬ್ಯಾಡ. ನೀರಿಳುದ್ರೆ ಅದೂ ಕೆಟ್ಟೋಯ್ತದೆ’ ಎಂದರು.

ಸೋಮವಾರ ಬೆಳಿಗ್ಗೆ ಎಣಿಸಿದಾಗ ಒಂದೇ ಒಂದು ಶಾಲೆಯ ಫೈಲು ಮುರಿದಿತ್ತು. ಅದರ ಮುಂದಿನ ಭಾನುವಾರ ನಾವಿಬ್ಬರೂ ಬಸ್ಸು ಹಿಡಿದು ಆ ಊರಿಗೇ ಹೋದೆವು. ಮೇಷ್ಟ್ರು ಬೀರು ತೆಗೆದು ಪುಸ್ತಕ ಕೊಟ್ಟರು. ಅಕ್ಕ ಹಾಳೆ ತಿರುವಿದರು, ನಾನು ಮೊಬೈಲಿನಲ್ಲಿ ಫೋಟೊ ತೆಗೆದೆ. ಒಂದು ಹಾಳೆಯೂ ಮುರಿಯಲಿಲ್ಲ. ಮಳವಳ್ಳಿ ಪೂರ್ತಿ ವಾಪಸು ಬಂದಿತ್ತು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿ ಮಲಗಿದವನಿಗೆ ಮಂಡ್ಯ ಬಂದದ್ದೇ ತಿಳಿಯಲಿಲ್ಲ. ಅಂಥ ನಿದ್ದೆ ನನಗೆ ಆಮೇಲೆ ಬಂದಿಲ್ಲ.

ಆದರೆ ಮೂರು ದಿನ ಕೆಲಸ ನಿಂತದ್ದಕ್ಕೆ ಯಾರಾದರೂ ಉತ್ತರ ಕೊಡಬೇಕಲ್ಲ. ಸಾಹೇಬರು ಅಕ್ಕನಿಗೆ ಕಾರಣ ಕೇಳಿ ನೋಟಿಸು ಕೊಟ್ಟರು. ಅಕ್ಕ ಎರಡು ಸಾಲಿನ ಉತ್ತರ ಬರೆದರು: ‘ಮೂರು ದಿನ ಕೆಲಸ ನಿಂತದ್ದು ನಿಜ. ಮಳವಳ್ಳಿ ತಾಲ್ಲೂಕು ಈಗ ಇದೆ.’ ಯಾರು ಅಳಿಸಿದ್ದು ಎಂಬುದು ಅದರಲ್ಲಿರಲಿಲ್ಲ. ಅಷ್ಟು ವರ್ಷದ ಸರ್ವಿಸಿನಲ್ಲಿ ಮೊದಲ ಸಲ ಅಕ್ಕನ ಫೈಲಿಗೆ ಒಂದು ಎಚ್ಚರಿಕೆ ಪತ್ರ ಸೇರಿತು. ಅದನ್ನು ಟೈಪು ಮಾಡುವ ಕೆಲಸ ಬಂದದ್ದು ನನ್ನ ಮೇಜಿಗೆ. ಮಾಡಿದೆ. ನಾನೇ ತೆಗೆದುಕೊಂಡು ಹೋಗಿ ಅಕ್ಕನ ಕೈಗೆ ಕೊಟ್ಟೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, ‘ಮಾರ್ಜಿನ್ ಚೆಂದಾಗಿ ಬುಟ್ಟಿದ್ದೀಯಾ’ ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ದೊಡ್ಡ ಕಂಪ್ಯೂಟರು ಮತ್ತೆ ಶುರುವಾದ ದಿನ ಅಕ್ಕ ಸ್ವಿಚ್ಚಿನಿಂದ ತಮ್ಮ ಬೋರ್ಡು ತೆಗೆದರು. ಆದರೆ ಡ್ರಾಯರಿಗೆ ಹಾಕಲಿಲ್ಲ. ಖಾಲಿಯಿದ್ದ ನಾಲ್ಕನೆಯ ಮೊಳೆಗೆ ನೇತುಹಾಕಿದರು.

‘ಅದ್ಯಾಕಕ್ಕ ಅಲ್ಲಿ? ಫೈಲು ಸಿಕ್ಕಿದ್ವಲ್ಲ’ ಎಂದ ಹಲಗೂರಿನವನು.

‘ಫೈಲ್ ಬಂದೋ. ಒಬ್ಬ ಇನ್ನೂ ಇಳ್ದಿಲ್ಲ.’

ಅವನಿಗೆ ಅರ್ಥವಾಗಲಿಲ್ಲ. ನನಗಾಯಿತು.

ಆ ಬೋರ್ಡು ಆರು ವರ್ಷ ಅಲ್ಲೇ ಇತ್ತು. ನನ್ನ ಪ್ರೊಬೇಷನ್ ಮುಗಿಯಿತು. ಮದುವೆಯಾಯಿತು, ಪ್ರಶ್ನೆ ಓದಿಯೇ ಹೌದು ಎಂದೆ. ಸಾಹೇಬರಿಗೆ ವರ್ಗವಾಗಿ ಹೊಸಬರು ಬಂದರು. ಕಾಪಿ ಇಡಲು ಒಂದಲ್ಲ, ಎರಡು ಡಿಸ್ಕು ಬಂದವು. ಸುಣ್ಣ ಹೊಡೆಯುವವರು ಗೋಡೆಯ ಸಾಮಾನೆಲ್ಲ ಇಳಿಸುವಾಗ ಅದೊಂದನ್ನು ಮುಟ್ಟಲು ಅಕ್ಕ ಬಿಡಲಿಲ್ಲ, ಅದರ ಸುತ್ತಲೇ ಬಳಿಸಿದರು. ನನ್ನ ಕುರ್ಚಿಯಿಂದ ತಲೆ ಎತ್ತಿದರೆ ಅದೇ ಕಾಣುತ್ತಿತ್ತು. ‘ಒಳಗೆ ಜನ ಇದ್ದಾರೆ.’ ಇಷ್ಟು ವರ್ಷದಲ್ಲಿ ಅಕ್ಕ ಒಂದು ದಿನವಾದರೂ ಆ ಮಾತು ಎತ್ತಲಿಲ್ಲ, ಚುಚ್ಚಲಿಲ್ಲ, ಹಂಗಿಸಲಿಲ್ಲ. ಎಂದಿನಂತೆ ವಯರು ಹಿಡಿಸಿದರು, ವಡೆ ಕೇಳಿದರು. ನಾನು ಎಷ್ಟೋ ಸಲ ಹೇಳಬೇಕೆಂದು ಹೊರಟು, ಸಾಹೇಬರ ಬಾಗಿಲವರೆಗೆ ಹೋಗಿ, ರಜೆ ಚೀಟಿ ಕೊಟ್ಟು ವಾಪಸು ಬಂದಿದ್ದೇನೆ. ಆ ಆರು ವರ್ಷಗಳಲ್ಲಿ ನಾನು ಹಾಕಿದಷ್ಟು ಅರ್ಧ ದಿನದ ರಜೆ ಇನ್ಯಾರೂ ಹಾಕಿರಲಿಕ್ಕಿಲ್ಲ.

ಕಳೆದ ತಿಂಗಳ ಕೊನೆಯ ದಿನ ಬೀಳ್ಕೊಡುಗೆ. ಮೇಜುಗಳನ್ನು ಜೋಡಿಸಿ ಬಟ್ಟೆ ಹಾಸಿದ್ದೆವು. ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಕಾಗದದ ತಟ್ಟೆಗಳಲ್ಲಿ ಖಾರ, ಮೈಸೂರುಪಾಕು, ಮತ್ತು ನಾನು ತಂದಿದ್ದ ವಡೆ. ಹೊಸ ಸಾಹೇಬರು ಅಕ್ಕನ ಸೇವಾ ವಿವರ ಓದಿ, ‘ಕಪ್ಪು ಚುಕ್ಕೆ ಇಲ್ಲದ ಸೇವೆ’ ಎಂದರು. ಆಮೇಲೆ ಹಾಳೆ ತಿರುವಿ, ನಗುತ್ತ, ‘ಒಂದು ಎಚ್ಚರಿಕೆ ಬಿಟ್ಟರೆ’ ಎಂದು ಸೇರಿಸಿದರು. ಅವರಿಗೆ ಹಿಂದಿನದು ಗೊತ್ತಿರಲಿಲ್ಲ, ತಮಾಷೆಗೆ ಹೇಳಿದ್ದು. ಎಲ್ಲರೂ ನಕ್ಕರು. ಅಕ್ಕನೂ ನಕ್ಕರು.

ನಾನು ಎದ್ದು ನಿಂತುಬಿಟ್ಟಿದ್ದೆ. ಕೈಯಲ್ಲಿ ಅರ್ಧ ತಿಂದ ವಡೆ.

‘ಆ ಎಚ್ಚರಿಕೆ ನಂದು ಸಾರ್’ ಎಂದೆ. ‘ಅವತ್ತು ಮಳವಳ್ಳಿ ಅಳಿಸಿದ್ದು ನಾನು.’

ಆಮೇಲೆ ಎಲ್ಲ ಹೇಳಿದೆ. ನಾಮಕರಣದ ಫೋನು, ವಿಡಿಯೊ, ಓದದೆ ಹೌದು ಎಂದದ್ದು, ಅಕ್ಕನ ಬೆನ್ನ ಹಿಂದೆ ನಿಂತು ಬಾಯಿ ಮುಚ್ಚಿಕೊಂಡದ್ದು, ಆ ಪತ್ರವನ್ನು ನಾನೇ ಟೈಪು ಮಾಡಿದ್ದು. ಹಲಗೂರಿನವನು ಬಾಯಿಗೆ ಹೋಗುತ್ತಿದ್ದ ಖಾರವನ್ನು ತಟ್ಟೆಗೆ ವಾಪಸು ಹಾಕಿದ. ಸಾಹೇಬರು, ‘ಇದನ್ನೆಲ್ಲ ಬರೆದು ಕೊಡ್ತೀರಾ?’ ಎಂದರು.

‘ಕೊಡ್ತೀನಿ ಸಾರ್. ಇವತ್ತೇ ಕೊಡ್ತೀನಿ.’

ಅದರಿಂದ ನನಗೆ ಏನಾಗುತ್ತದೆಂದು ಗೊತ್ತಿಲ್ಲ. ಕಾಗದ ಮೇಲಿನ ಕಚೇರಿಗೆ ಹೋಗಿದೆ, ಉತ್ತರ ಇನ್ನೂ ಬಂದಿಲ್ಲ. ಆದರೆ ಹೇಳಿ ಕೂತಾಗ ಆದ ನಿರಾಳವನ್ನು ನಾನು ಸುಳ್ಳು ಹೇಳದೆ ಬರೆಯಬೇಕು: ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿ ಕತ್ತು ಆಡಿಸಿದ ಹಾಗಿತ್ತು. ಕೈಯಲ್ಲಿದ್ದ ವಡೆ ಪೂರ್ತಿ ತಿಂದೆ. ರುಚಿಯಾಗಿತ್ತು.

ಅಕ್ಕ ಶಾಲು ಹೊದ್ದುಕೊಂಡೇ ಎದ್ದು ಗೋಡೆಯ ಹತ್ತಿರ ಹೋದರು. ನಾಲ್ಕನೆಯ ಮೊಳೆಯಿಂದ ಬೋರ್ಡು ತೆಗೆದು, ಆರು ವರ್ಷದ ಧೂಳನ್ನು ಉಫ್ ಎಂದು ಊದಿದರು.

‘ಇಳುದ್ಯಾ?’ ಎಂದರು.

‘ಇಳಿದೆ ಅಕ್ಕ.’

‘ಒಸಿ ಲೇಟಾಯ್ತು. ಪಾಯಸಕ್ಕೆ ಕಾಯ್ತಿದ್ದೇನೋ.’ ಬೋರ್ಡನ್ನು ಮಡಿಸಿ ಊಟದ ಚೀಲಕ್ಕೆ ತುರುಕಿದರು. ‘ಸರಿ ಬುಡು. ನಾನಿನ್ನು ಮನೆಗೋಯ್ತೀನಿ.’

ಬಸ್‌ಸ್ಟ್ಯಾಂಡಿಗೆ ಅವರ ಜೊತೆ ಹೋದೆ. ಗಡಿಯಾರ ನನ್ನ ಕೈಯಲ್ಲಿ, ಹಣ್ಣಿನ ಬುಟ್ಟಿ ಹಲಗೂರಿನವನ ಕೈಯಲ್ಲಿ. ಮಳವಳ್ಳಿ ಬಸ್ಸು ಬಂದು ನಿಲ್ಲುವ ಮೊದಲೇ ಜನ ಮುತ್ತಿಕೊಂಡರು. ನಾನು ಓಡಿ, ಬ್ಯಾಗಿನಲ್ಲಿದ್ದ ಟವೆಲ್ಲನ್ನು ಕಿಟಕಿಯಿಂದ ಒಳಗೆಸೆದು ಮೂರನೇ ಸೀಟು ಹಿಡಿದೆ. ಅಕ್ಕ ನಿಧಾನವಾಗಿ ಹತ್ತಿ ಹೋಗಿ ಸೀಟಿನ ಪಕ್ಕ ನಿಂತರು. ಕೂರಲಿಲ್ಲ. ಹಿಂದಿನಿಂದ ಜನ ತಳ್ಳುತ್ತಿದ್ದರು, ಕಂಡಕ್ಟರು ಒಳಗೆ ಹೋಗಿ ಒಳಗೆ ಹೋಗಿ ಎಂದು ಕೂಗುತ್ತಿದ್ದ. ಅಕ್ಕ ಕಿಟಕಿಯಿಂದ ನನ್ನನ್ನು ನೋಡಿದರು.

‘ಕೂತ್ಕೊಳಿ ಅಕ್ಕ! ಟವೆಲ್ಲು ಇರಲಿ, ಅದನ್ನ ಎತ್ತಿ ಕೂತ್ಕೊಳಿ!’

‘ಯಾರ್ಲಾ ಆಕಿದ್ದು?’

‘ನಾನೇ.’

‘ಅಂಗಾರೆ ಬಂದು ತಗಿ.’

ಹಿಂಬಾಗಿಲಿಂದ ಹತ್ತಿ, ಜನರನ್ನು ನೂಕಿ, ಬೈಸಿಕೊಂಡು ಹೋಗಿ ಟವೆಲ್ಲು ತೆಗೆದುಕೊಂಡೆ. ಆಮೇಲೆ ಅಕ್ಕ ಕುಳಿತರು.